ಮಗುವಿನ ನೋವಿಗೆ ಔಷಧಿ: ಯಾವ ದಾರಿಯಿಂದ, ಎಷ್ಟು, ಯಾವಾಗ?



ಕಳೆದ ಮಳೆಗಾಲದ ಒಂದು ಸಂಜೆ ಬಲಿಪೂಜೆ ಮುಗಿಸಿ ದೇವಾಲಯದ ಬಾಗಿಲು ಹಾಕಿ ಬರುತ್ತಿದ್ದೆ. ಗುರುನಿವಾಸದ ಮೆಟ್ಟಿಲ ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಎರಡು ವರ್ಷದ ಮಗನನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಜೊತೆಗೆ ಅವಳ ಅತ್ತೆ. ಮಗುವಿಗೆ ಕಿವಿನೋವು, ಅತ್ತು ಅತ್ತು ಧ್ವನಿ ಬಿದ್ದುಹೋಗಿತ್ತು.

“ಡಾಕ್ಟರು ಬರೀ ಬಾಟ್ಲಿ ಔಷಧ ಬರದುಕೊಟ್ಟಾರ್ರೀ ಫಾದರ್. ಒಂದು ಸೂಜಿ ಮಾಡಿದ್ದರ ತಟ್ಟನ ಕಡಿಮಿ ಆಗತಿತ್ತು. ಈಗ ಬ್ಯಾರೆ ದವಾಖಾನಿಗೆ ಹೊಂಟೇವಿ. ಒಂದು ಪ್ರಾರ್ಥನಾ ಮಾಡ್ರಿ” ಎಂದರು ಅತ್ತೆ.

ಔಷಧಿ ಕೊಟ್ಟು ಎಷ್ಟು ಹೊತ್ತಾಯಿತು ಎಂದು ಕೇಳಿದೆ. “ಹತ್ತು ನಿಮಿಷ ಆಗಿರಬೇಕ್ರಿ” ಎಂದಳು ತಾಯಿ. ಅವಳ ಚೀಲದಲ್ಲಿ ಇನ್ನೊಂದು ಪುಟ್ಟ ಬಾಟಲಿಯೂ ಇತ್ತು. ಮಗು ಕೂಸಾಗಿದ್ದಾಗ ಜ್ವರಕ್ಕೆಂದು ತಂದು ಉಳಿದಿದ್ದ ಹನಿ ಔಷಧಿ ಅದು. “ಹೊಸಾದಕ್ಕ ಕಡಿಮಿ ಆಗಲಿಲ್ಲಲ್ರೀ, ಇದನ್ನೂ ಒಂದು ಚಮಚ ಹಾಕೂಣಂತ ಮಾಡೇನಿ” ಎಂದಳು.

ಪ್ರಾರ್ಥನೆ ಮಾಡಿದೆ. ಆದರೆ ಆ ಎರಡು ಬಾಟಲಿಗಳ ವಿಷಯದಲ್ಲಿ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಹತ್ತಿರದ ಓಣಿಯಲ್ಲಿರುವ, ನರ್ಸ್ ಆಗಿ ನಿವೃತ್ತರಾದ ನಮ್ಮ ಧರ್ಮಕೇಂದ್ರದ ಸಹೋದರಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಬಂದು, ಕನ್ನಡಕ ಏರಿಸಿ ಬಾಟಲಿಗಳ ಮೇಲಿನ ಸಣ್ಣ ಅಕ್ಷರ ಓದಿ, ಹನಿ ಔಷಧಿಯ ಬಾಟಲಿಯನ್ನು ಬದಿಗಿಟ್ಟರು. “ಬ್ಯಾಡ ತಂಗಿ. ಎರಡರಾಗೂ ಒಂದ ಔಷಧ ಐತಿ. ಈಗ ಕೊಟ್ಟದ್ದು ಸಾಕು. ಇನ್ನ ಅರ್ಧಾ ತಾಸು ನೋಡೂಣು” ಎಂದರು. ಮುಕ್ಕಾಲು ತಾಸಿನೊಳಗೆ ಮಗು ತಾಯಿಯ ತೊಡೆಯ ಮೇಲೆಯೇ ನಿದ್ದೆ ಹೋಯಿತು.

ಅಂದು ನಡೆಯಬಹುದಾಗಿದ್ದ ಅನಾಹುತ ಎಷ್ಟು ದೊಡ್ಡದೆಂದು ನನಗೆ ಅರ್ಥವಾದದ್ದು ಆಮೇಲೆ. ನಾನು ವೈದ್ಯನಲ್ಲ, ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಕಲಿತವನು. ಆದರೆ ಮಕ್ಕಳಿಗೆ ಕಾಯಿಲೆಯಾದಾಗ ಜನ ಗುರುಗಳ ಬಾಗಿಲಿಗೂ ಬರುತ್ತಾರೆ. ಆದ್ದರಿಂದ ತಿಳಿದವರನ್ನು ಕೇಳಿ, ಓದಿ, ಕಲಿತದ್ದನ್ನು ಈ ಪುಟದಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ಅವರು ಹೇಳಿದ್ದನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು ಒಂದು ಸಹಾಯ.

ಔಷಧಿಯ ಪ್ರಯಾಣ

ಔಷಧಿ ನೋವಿರುವ ಜಾಗಕ್ಕೆ ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಮೊದಲು ಅದು ರಕ್ತಕ್ಕೆ ಸೇರಬೇಕು. ರಕ್ತ ಅದನ್ನು ಮೈಯೆಲ್ಲ ಒಯ್ಯುತ್ತದೆ. ರಕ್ತಕ್ಕೆ ಸೇರುವ ಈ ಕ್ರಿಯೆಗೆ ಹೀರಿಕೆ ಎನ್ನೋಣ. ಬಾಯಿ, ಸ್ನಾಯು, ರಕ್ತನಾಳ, ಗುದದ್ವಾರ, ಚರ್ಮ, ಮೂಗು ಇವೆಲ್ಲ ರಕ್ತಕ್ಕೆ ಸೇರುವ ಬೇರೆ ಬೇರೆ ದಾರಿಗಳು. ದಾರಿ ಬದಲಾದರೆ ಔಷಧಿ ತಲುಪುವ ಹೊತ್ತೂ ಬದಲಾಗುತ್ತದೆ, ತಲುಪುವ ಪ್ರಮಾಣವೂ ಬದಲಾಗುತ್ತದೆ. ಈ ಪಾಠದ ತಿರುಳು ಇಷ್ಟೇ.

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ನಮ್ಮ ನಳದ ನೀರಿನ ಉದಾಹರಣೆಯಿಂದ ಹೇಳಬಹುದು. ಸವದತ್ತಿಯ ಮಲಪ್ರಭಾ ಜಲಾಶಯದ ನೀರು ನೇರವಾಗಿ ನಮ್ಮ ಮನೆಗೆ ಬರುವುದಿಲ್ಲ. ಅಮ್ಮಿನಬಾವಿಯ ಘಟಕದಲ್ಲಿ ನಿಂತು, ಶುದ್ಧವಾಗಿ, ಕೊಳವೆಗಳಲ್ಲಿ ಹರಿದು, ದಾರಿಯಲ್ಲಿ ಒಂದಷ್ಟು ಸೋರಿಹೋಗಿ, ಉಳಿದದ್ದು ನಮ್ಮ ಕೊಡ ತುಂಬುತ್ತದೆ. ಬಾಯಿಂದ ನುಂಗಿದ ಔಷಧಿಯ ಕಥೆಯೂ ಹಾಗೆಯೇ. ಅದು ಜಠರಕ್ಕೆ ಇಳಿದು, ಅಲ್ಲಿಂದ ಸಣ್ಣ ಕರುಳಿಗೆ ಹೋಗುತ್ತದೆ. ಹೆಚ್ಚಿನ ಹೀರಿಕೆ ನಡೆಯುವುದು ಈ ಸಣ್ಣ ಕರುಳಿನಲ್ಲಿಯೇ. ಕರುಳಿನಿಂದ ಹೊರಟ ರಕ್ತ ಮೊದಲು ಯಕೃತ್ತಿಗೆ, ಅಂದರೆ ನಾವು ಲಿವರ್ ಎನ್ನುವ ಅಂಗಕ್ಕೆ ಹೋಗುತ್ತದೆ. ಅಲ್ಲಿ ಔಷಧಿಯ ಒಂದು ಪಾಲು ಕರಗಿಹೋಗಿ, ಉಳಿದದ್ದು ಮೈಗೆ ಸಲ್ಲುತ್ತದೆ.

ಯಾವ ಔಷಧಿಯ ಎಷ್ಟು ಪಾಲು ಯಕೃತ್ತಿನಲ್ಲಿ ಕಡಿಮೆಯಾಗುತ್ತದೆ ಎಂಬುದು ಆಯಾ ಔಷಧಿಯ ಮೇಲಿದೆ. ಪ್ಯಾರಾಸಿಟಮಾಲ್ ಹೆಚ್ಚು ನಷ್ಟವಾಗುವುದಿಲ್ಲ. ಬಹುಪಾಲು ರಕ್ತಕ್ಕೆ ಸೇರುತ್ತದೆ. ಮಾರ್ಫಿನ್ ಮಾತ್ರ ತುಂಬ ನಷ್ಟವಾಗುತ್ತದೆ. ಅದಕ್ಕೆಂದೇ ರಕ್ತನಾಳದಿಂದ ಕೊಡುವ ಮಾರ್ಫಿನ್‌ಗಿಂತ ಬಾಯಿಂದ ಕೊಡುವ ಮಾರ್ಫಿನ್ ಸುಮಾರು ಮೂರು ಪಟ್ಟು ಇರುತ್ತದೆ. ಔಷಧಿ ಒಂದೇ, ರೋಗಿಯೂ ಒಬ್ಬನೇ, ದಾರಿ ಮಾತ್ರ ಬೇರೆ, ಅಳತೆಯೂ ಬೇರೆಯಾಯಿತು. ಒಂದು ದಾರಿಯ ಅಳತೆಯನ್ನು ಇನ್ನೊಂದು ದಾರಿಗೆ ಬಳಸುವುದು ಎಷ್ಟು ಅಪಾಯವೆಂದು ಇದರಿಂದ ತಿಳಿಯುತ್ತದೆ.

ಚಿಕ್ಕ ಮಗು ಎಂದರೆ ಚಿಕ್ಕ ದೊಡ್ಡವರಲ್ಲ

ಕೊಡುವ ವಸ್ತು ಯಾವುದೇ ಇರಲಿ, ಪಡೆಯುವವನು ಅದನ್ನು ತನ್ನ ಸ್ವಭಾವಕ್ಕೆ ತಕ್ಕಂತೆಯೇ ಪಡೆಯುತ್ತಾನೆಂಬ ಒಂದು ತತ್ವವನ್ನು ಸಂತ ಥಾಮಸ್ ಅಕ್ವಿನಾಸರ ಪಾಠದಲ್ಲಿ ನಾವು ಕಲಿತಿದ್ದೆವು. ಆಗ ಅದು ಜ್ಞಾನದ ವಿಷಯದ ಮಾತಾಗಿತ್ತು. ಆದರೆ ಮಕ್ಕಳ ದೇಹ ಮತ್ತು ಔಷಧಿಯ ವಿಷಯದಲ್ಲಿ ಅದು ಅಕ್ಷರಶಃ ಸತ್ಯವೆನಿಸುತ್ತದೆ.

ಹಸುಗೂಸಿನ ಜಠರ ನಿಧಾನವಾಗಿ, ಅನಿಯಮಿತವಾಗಿ ಖಾಲಿಯಾಗುತ್ತದೆ. ಅದರಲ್ಲಿ ಆಮ್ಲವೂ ಕಡಿಮೆ. ಆದ್ದರಿಂದ ಬಾಯಿಯ ಔಷಧಿ ಕರುಳು ತಲುಪಲು ತಡವಾಗಬಹುದು. ಸ್ನಾಯುಗಳು ಸಣ್ಣವು, ಅಲ್ಲಿ ರಕ್ತದ ಹರಿವು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಚರ್ಮ ತೆಳು, ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಹಚ್ಚಿದ್ದು ಬೇಗ ಒಳಗೆ ಇಳಿಯುತ್ತದೆ. ಯಕೃತ್ತು, ಮೂತ್ರಪಿಂಡಗಳು ಇನ್ನೂ ಬೆಳೆಯುತ್ತಿರುವುದರಿಂದ ಒಳಗೆ ಹೋದ ಔಷಧಿ ಹೊರಗೆ ಹೋಗುವುದೂ ನಿಧಾನ. ದೊಡ್ಡವರ ಗುಳಿಗೆಯನ್ನು ಕಾಲು ಭಾಗ ಮಾಡಿದರೆ ಮಗುವಿನ ಗುಳಿಗೆಯಾಗುತ್ತದೆ ಎಂಬ ನಮ್ಮ ಮನೆಯ ಲೆಕ್ಕ ಇಲ್ಲಿ ತಪ್ಪುತ್ತದೆ.

ಬಾಯಿಯ ದಾರಿ

ಮಗು ನುಂಗಬಲ್ಲುದಾದರೆ, ವಾಂತಿ ಇಲ್ಲದಿದ್ದರೆ, ಸಾಮಾನ್ಯ ನೋವಿಗೆ ಮೊದಲ ದಾರಿ ಬಾಯಿಯೇ. ಸೂಜಿಯ ಭಯವಿಲ್ಲ, ಗಾಯವಿಲ್ಲ, ಖರ್ಚು ಕಡಿಮೆ, ಮನೆಯಲ್ಲೇ ಕೊಡಬಹುದು. ಪ್ಯಾರಾಸಿಟಮಾಲ್ ಸಿರಪ್ ಕೆಲಸ ಆರಂಭಿಸಲು ಸುಮಾರು ಅರ್ಧ ತಾಸು, ಪೂರ್ತಿ ಪರಿಣಾಮಕ್ಕೆ ಒಂದು ತಾಸು ಬೇಕಾಗಬಹುದು. ಹೊಟ್ಟೆ ತುಂಬ ಉಂಡಿದ್ದರೆ ಇನ್ನೂ ಸ್ವಲ್ಪ ತಡ. ಹತ್ತು ನಿಮಿಷದಲ್ಲಿ ಅಳು ನಿಲ್ಲಲಿಲ್ಲವೆಂದರೆ ಔಷಧಿ ಸೋತಿತು ಎಂದರ್ಥವಲ್ಲ. ಅದು ಇನ್ನೂ ದಾರಿಯಲ್ಲಿದೆ. ಈ ಕಾಯುವಿಕೆ ತಾಯಂದಿರಿಗೆ ಎಷ್ಟು ಕಷ್ಟವೆಂದು ಬಲ್ಲೆ. ಆದರೆ ಎರಡನೆಯ ಬಾಟಲಿಯ ಮುಚ್ಚಳ ತೆರೆಯುವುದು ಸಾಮಾನ್ಯವಾಗಿ ಈ ಅರ್ಧ ತಾಸಿನಲ್ಲಿಯೇ.

ಕೆಲವು ಚಿಕ್ಕ ಮಾತುಗಳು. ಔಷಧಿಯನ್ನು ಹಾಲಿನ ಬಾಟಲಿಗೆ ಪೂರ್ತಿ ಬೆರೆಸಬೇಡಿ. ಮಗು ಅರ್ಧ ಹಾಲು ಬಿಟ್ಟರೆ ಅರ್ಧ ಔಷಧಿಯೂ ಉಳಿಯಿತು. ಅತ್ತು ಕಿರುಚುವ ಮಗುವನ್ನು ಮಲಗಿಸಿ ಮೂಗು ಹಿಡಿದು ಗಂಟಲಿಗೆ ಸುರಿಯಬೇಡಿ, ಶ್ವಾಸನಾಳಕ್ಕೆ ಹೋಗಬಹುದು. ಎತ್ತಿ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಔಷಧಿ ಕೊಟ್ಟ ಅರ್ಧ ತಾಸಿನೊಳಗೆ ಪೂರ್ತಿ ವಾಂತಿಯಾದರೆ ಮತ್ತೊಮ್ಮೆ ಅದೇ ಪ್ರಮಾಣ ಕೊಡಬೇಕೇ ಎಂದು ವೈದ್ಯರನ್ನು ಕೇಳಿ. ಅದಕ್ಕಿಂತ ತಡವಾಗಿ ವಾಂತಿಯಾದರೆ ಬಹುಪಾಲು ಔಷಧಿ ಒಳಗೆ ಹೋಗಿರುತ್ತದೆ, ಮುಂದಿನ ಹೊತ್ತಿನವರೆಗೆ ಕಾಯಬೇಕು. ನಿಧಾನವಾಗಿ ಕರಗಲೆಂದು ಮಾಡಿದ ಗುಳಿಗೆಗಳನ್ನು ಪುಡಿ ಮಾಡಬೇಡಿ. ಹನ್ನೆರಡು ತಾಸಿಗೆಂದು ಇಟ್ಟದ್ದು ಒಂದೇ ಸಲ ಹೊರಬೀಳುತ್ತದೆ.

ಯಕೃತ್ತಿನ ಕೆಲಸ ಯಾವಾಗಲೂ ಔಷಧಿಯನ್ನು ಕಡಿಮೆ ಮಾಡುವುದೇ ಅಲ್ಲ. ಕೊಡೀನ್ ಎಂಬ ಔಷಧಿಯನ್ನು ಯಕೃತ್ತು ಮಾರ್ಫಿನ್ ಆಗಿ ಬದಲಿಸುತ್ತದೆ. ಕೆಲವು ಮಕ್ಕಳ ದೇಹದಲ್ಲಿ ಹುಟ್ಟಿನಿಂದಲೇ ಈ ಬದಲಾವಣೆ ಅತಿ ವೇಗ. ಸರಿಯಾದ ಅಳತೆ ಕೊಟ್ಟರೂ ಅಂಥ ಮಕ್ಕಳ ಉಸಿರಾಟ ಕುಗ್ಗಿ ಸಾವು ಸಂಭವಿಸಿದ್ದುಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊಡೀನ್ ಸಲ್ಲದೆಂದು ಹೇಳಿತು. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿಯೂ ಕೊಡೀನ್ ಇರುತ್ತದೆಂಬುದು ನೆನಪಿರಲಿ.

ಸೂಜಿಯ ಮೇಲಿನ ನಂಬಿಕೆ

ನಮ್ಮ ಕಡೆ ಸೂಜಿ ಮಾಡದ ಡಾಕ್ಟರನ್ನು ಡಾಕ್ಟರೆಂದೇ ಒಪ್ಪುವುದಿಲ್ಲ. ‘ದೊಡ್ಡ ಸೂಜಿ, ದೊಡ್ಡ ಗುಣ’ ಎಂಬ ಭಾವನೆ. ಆದರೆ ಚಪ್ಪೆಗೋ ತೋಳಿಗೋ ಮಾಡುವ ಸೂಜಿ ನೇರವಾಗಿ ರಕ್ತಕ್ಕೆ ಹೋಗುವುದಿಲ್ಲ. ಅದು ಸ್ನಾಯುವಿನಲ್ಲಿ ಒಂದು ಹೊಂಡದಂತೆ ನಿಂತು, ಅಲ್ಲಿಂದ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಮಗು ಚಳಿಯಿಂದ ನಡುಗುತ್ತಿದ್ದರೆ, ಭೇದಿಯಿಂದ ನೀರು ಕಳೆದುಕೊಂಡಿದ್ದರೆ ಸ್ನಾಯುವಿಗೆ ರಕ್ತ ಕಡಿಮೆ. ಔಷಧಿ ಅಲ್ಲೇ ಉಳಿಯುತ್ತದೆ. ಆಮೇಲೆ ಮೈ ಬಿಸಿಯಾಗಿ ರಕ್ತ ಹರಿದಾಗ ಒಮ್ಮೆಲೇ ಒಳನುಗ್ಗಬಹುದು. ಬೇಗ ಎಂದುಕೊಂಡದ್ದು ನಿಧಾನವೂ ಆಗಬಹುದು, ಅನಿರೀಕ್ಷಿತವೂ ಆಗಬಹುದು.

ಇನ್ನೊಂದು ತೊಂದರೆಯುಂಟು. ಚಪ್ಪೆಯ ತಪ್ಪು ಜಾಗಕ್ಕೆ ಸೂಜಿ ಚುಚ್ಚಿದರೆ ಕಾಲಿನ ದೊಡ್ಡ ನರಕ್ಕೆ ಪೆಟ್ಟಾಗಿ ಮಗು ಕುಂಟಬಹುದು. ಕೂಸುಗಳಿಗೆ ಸೂಜಿಯನ್ನು ತೊಡೆಯ ಮುಂಬದಿಯ ಹೊರಮಗ್ಗುಲಿಗೆ ಮಾಡುವುದು ಇದಕ್ಕಾಗಿಯೇ. ಇನ್ನೂ ಸೂಕ್ಷ್ಮವಾದದ್ದೆಂದರೆ, ಸೂಜಿಗೆ ಹೆದರಿದ ಮಗು ಮುಂದಿನ ಸಲ ನೋವನ್ನೇ ಮುಚ್ಚಿಡುತ್ತದೆ. ‘ಹೊಟ್ಟೆ ನೋಯುತ್ತದೆಯೇ?’ ಎಂದರೆ ‘ಇಲ್ಲ’ ಎನ್ನುತ್ತದೆ. ನೋವು ಕಡಿಮೆ ಮಾಡಲು ಹೋಗಿ ನೋವಿನ ಬಾಯಿ ಮುಚ್ಚಿದಂತಾಯಿತು.

ಇಲ್ಲಿ ಯಾರೂ ತಪ್ಪು ತಿಳಿಯಬಾರದು. ಮಕ್ಕಳ ಲಸಿಕೆಗಳಲ್ಲಿ ಹೆಚ್ಚಿನವು ಸೂಜಿಯಿಂದಲೇ ಕೊಡಬೇಕಾದವು, ಅವುಗಳನ್ನು ತಪ್ಪಿಸಬಾರದು. ಕೆಲವು ರೋಗಗಳಿಗೆ ಸೂಜಿಯ ಔಷಧಿಯೇ ಬೇಕು. ನಾನು ಹೇಳುತ್ತಿರುವುದು ಬಾಯಿಂದ ಕೊಡಬಹುದಾದ ನೋವಿನ ಔಷಧಿಯನ್ನು ಸೂಜಿಯಲ್ಲೇ ಕೊಡಿರೆಂದು ನಾವು ಹಟ ಹಿಡಿಯುವ ವಿಷಯ. ಸೂಜಿ ಮಾಡದೆ ಸಿರಪ್ ಬರೆದುಕೊಟ್ಟ ವೈದ್ಯರು ನಮ್ಮನ್ನು ಅಲಕ್ಷ್ಯ ಮಾಡಿದವರಲ್ಲ.

ರಕ್ತನಾಳ ಮತ್ತು ‘ಸಲಾಯಿನ್’

ರಕ್ತನಾಳಕ್ಕೆ ಕೊಟ್ಟ ಔಷಧಿಗೆ ಹೀರಿಕೆಯ ಹಂತವೇ ಇಲ್ಲ. ಕೊಟ್ಟದ್ದೆಲ್ಲ ರಕ್ತದಲ್ಲಿರುತ್ತದೆ, ಕೆಲವೇ ನಿಮಿಷಗಳಲ್ಲಿ ಪರಿಣಾಮ ಕಾಣುತ್ತದೆ. ಶಸ್ತ್ರಚಿಕಿತ್ಸೆ, ಸುಟ್ಟಗಾಯ, ಎಲುಬು ಮುರಿತ, ನಿಲ್ಲದ ವಾಂತಿ ಇಂಥ ಸಂದರ್ಭಗಳಲ್ಲಿ ಇದೇ ದಾರಿ. ಬೇಗ ಒಳಗೆ ಹೋದದ್ದನ್ನು ಹಿಂದೆ ತೆಗೆಯಲಾಗುವುದಿಲ್ಲ. ಆದ್ದರಿಂದಲೇ ಇದು ತಜ್ಞರ ಕಣ್ಣೆದುರಿನಲ್ಲಿ ಮಾತ್ರ ಆಗಬೇಕಾದ ಕೆಲಸ. ರಕ್ತನಾಳಕ್ಕೆ ಕೊಡುವ ಪ್ಯಾರಾಸಿಟಮಾಲ್‌ನ ಒಂದು ಮಿಲಿಲೀಟರ್‌ನಲ್ಲಿ 10 ಮಿಲಿಗ್ರಾಂ ಔಷಧಿ ಇರುತ್ತದೆ. ಮಿಲಿಗ್ರಾಂ ಎಂದು ಬರೆದದ್ದನ್ನು ಮಿಲಿಲೀಟರ್ ಎಂದು ಓದಿ ಕೂಸುಗಳಿಗೆ ಹತ್ತು ಪಟ್ಟು ಕೊಟ್ಟ ಪ್ರಸಂಗಗಳು ಬೇರೆ ಬೇರೆ ದೇಶಗಳಲ್ಲಿ ವರದಿಯಾಗಿವೆ.

ಇನ್ನು ಸಲಾಯಿನ್. ಅದು ಉಪ್ಪುನೀರು, ಸ್ವತಃ ನೋವಿನ ಔಷಧಿಯಲ್ಲ. ನೀರು ಕಳೆದುಕೊಂಡ ಮಗುವಿಗೆ ಅದು ಜೀವದಾನ. ಹಲ್ಲುನೋವಿನ ಮಗುವಿಗೆ ಅದರಿಂದ ಏನೂ ಇಲ್ಲ. ‘ಒಂದು ಸಲಾಯಿನ್ ಹಚ್ಚಿಬಿಡ್ರಿ’ ಎನ್ನುವ ಮೊದಲು ಯಾವುದಕ್ಕೆ ಎಂದು ಕೇಳಿಕೊಳ್ಳೋಣ.

ಗುದದ್ವಾರದ ದಾರಿ

ಮೇಣದಂತಿರುವ, ಮೈಯ ಬಿಸಿಗೆ ಕರಗುವ ಸಪೋಸಿಟರಿ ಎಂಬ ಔಷಧಿಯನ್ನು ಗುದದ್ವಾರದಿಂದ ಒಳಗಿಡುತ್ತಾರೆ. ವಾಂತಿ ಮಾಡುವ ಅಥವಾ ನುಂಗಲಾರದ ಮಗುವಿಗೆ ಉಪಯುಕ್ತ. ಆದರೆ ಇಲ್ಲಿ ಹೀರಿಕೆ ನಿಧಾನ. ಒಂದೆರಡು ತಾಸು ಬೇಕಾಗಬಹುದು. ಮಗುವಿನಿಂದ ಮಗುವಿಗೆ ವ್ಯತ್ಯಾಸವೂ ಬಹಳ. ಗುದನಾಳದ ಕೆಳಭಾಗದ ರಕ್ತ ಯಕೃತ್ತನ್ನು ಬಳಸಿಕೊಂಡು ಹೋಗುತ್ತದೆ, ಮೇಲ್ಭಾಗದ ರಕ್ತ ಯಕೃತ್ತಿಗೆ ಹೋಗುತ್ತದೆ; ಹೀಗಾಗಿ ಔಷಧಿ ಎಷ್ಟು ಒಳಗೆ ಕುಳಿತಿತು, ಮಲ ಇತ್ತೇ, ಮಗು ಅದನ್ನು ಹೊರಹಾಕಿತೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಸಪೋಸಿಟರಿಯನ್ನು ಕತ್ತರಿಸಿ ಅರ್ಧ ಕೊಡಬೇಡಿ. ಔಷಧಿ ಅದರೊಳಗೆ ಸಮನಾಗಿ ಹರಡಿರುತ್ತದೆಂಬ ಖಾತ್ರಿಯಿಲ್ಲ. ಅದು ಕೆಲಸ ಮಾಡಲಿಲ್ಲವೆಂದು ತಕ್ಷಣ ಸಿರಪ್ ಕೊಡಬೇಡಿ. ಎರಡೂ ಸೇರಿ ಒಂದೇ ಔಷಧಿಯ ಎರಡು ಪಾಲಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳಿಗೆ ಸೋಂಕಿನ ಭಯವಿರುವುದರಿಂದ ವೈದ್ಯರನ್ನು ಕೇಳದೆ ಈ ದಾರಿ ಬಳಸಲೇಬಾರದು.

ಚರ್ಮ ಮತ್ತು ಮೂಗು

‘ಮೇಲೆ ಹಚ್ಚುವುದಲ್ಲವೇ, ಏನಾಗುತ್ತದೆ?’ ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಸಿ ಕೂಸಿನ ಎದೆಗೆ, ಬೆನ್ನಿಗೆ ಹಚ್ಚುತ್ತೇವೆ. ಮೂಗಿನ ಹತ್ತಿರ ಬಾಮ್ ತಿಕ್ಕುತ್ತೇವೆ. ಕೂಸಿನ ತೆಳು ಚರ್ಮದ ಮೂಲಕ ಕರ್ಪೂರ ರಕ್ತಕ್ಕೆ ಸೇರುತ್ತದೆ. ಹೆಚ್ಚಾದರೆ ಫಿಟ್ಸ್ ಬರಬಹುದು. ಬಾಯಿಗೆ ಹೋದರಂತೂ ಅಪಾಯ ಇನ್ನೂ ಬೇಗ. ಎರಡು ವರ್ಷದೊಳಗಿನ ಮಕ್ಕಳಿಗೆ ಇವು ಬೇಡ. ಕೀಲುನೋವಿಗೆ ಬಳಸುವ ವಿಂಟರ್‌ಗ್ರೀನ್ ಎಣ್ಣೆಯ ಒಂದು ಸಣ್ಣ ಚಮಚದಲ್ಲಿ 20ಕ್ಕೂ ಹೆಚ್ಚು ಆಸ್ಪಿರಿನ್ ಗುಳಿಗೆಗಳಿಗೆ ಸಮನಾದ ಔಷಧಿ ಇರುತ್ತದೆ. ಅಜ್ಜನ ಮೊಣಕಾಲಿನ ಎಣ್ಣೆ ಮೊಮ್ಮಗಳ ಕೈಗೆ ಸಿಗದಂತೆ ಇಡಿ.

ದೊಡ್ಡವರ ಕ್ಯಾನ್ಸರ್ ನೋವಿಗೆ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಗಳಿವೆ. ಅವು ಔಷಧಿಯನ್ನು ಮೂರು ದಿನ ನಿಧಾನವಾಗಿ ಬಿಡುತ್ತವೆ; ಮೊದಲ ಪರಿಣಾಮಕ್ಕೇ ಅರ್ಧ ದಿನ ಹಿಡಿಯುತ್ತದೆ. ಬಳಸಿ ತೆಗೆದ ಪಟ್ಟಿಯಲ್ಲಿಯೂ ಔಷಧಿ ಉಳಿದಿರುತ್ತದೆ. ಅಂಥ ಪಟ್ಟಿ ಮೈಗೆ ಅಂಟಿ ಅಥವಾ ಬಾಯಿಗೆ ಹೋಗಿ ಮಕ್ಕಳು ಸತ್ತಿದ್ದಾರೆ. ಮನೆಯಲ್ಲಿ ಅಂಥ ರೋಗಿಯಿದ್ದರೆ ಪಟ್ಟಿಯನ್ನು ಎಲ್ಲೆಂದರಲ್ಲಿ ಎಸೆಯದೆ, ಹೇಗೆ ವಿಲೇವಾರಿ ಮಾಡಬೇಕೆಂದು ಆಸ್ಪತ್ರೆಯವರನ್ನು ಕೇಳಿ.

ಚರ್ಮದ ದಾರಿಯಿಂದ ಒಳ್ಳೆಯದೂ ಇದೆ. ಸೂಜಿ ಚುಚ್ಚುವ ಜಾಗ ಮರಗಟ್ಟಿಸುವ ಮುಲಾಮುಗಳಿವೆ. ಸುಮಾರು ಒಂದು ತಾಸು ಮೊದಲೇ ಹಚ್ಚಿ ಮುಚ್ಚಿಡಬೇಕು. ಕೊನೆಯ ಗಳಿಗೆಯಲ್ಲಿ ಹಚ್ಚಿದರೆ ಫಲವಿಲ್ಲ. ಹಲವು ದೇಶಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಕೈಮುರಿದು ಬಂದ ಮಗುವಿನ ಮೂಗಿಗೆ ಔಷಧಿಯನ್ನು ಮಂಜಿನಂತೆ ಸಿಂಪಡಿಸುತ್ತಾರೆ. ಮೂಗಿನ ತೆಳು ಪೊರೆಯಿಂದ ಅದು ಯಕೃತ್ತಿಗೆ ಹೋಗದೆ ನೇರ ರಕ್ತಕ್ಕೆ ಸೇರಿ, ಹತ್ತು ನಿಮಿಷದೊಳಗೆ, ಸೂಜಿಯಿಲ್ಲದೆ ನೋವು ಇಳಿಸುತ್ತದೆ.

ಕೂಸಿಗೆ ನೋವು ತಿಳಿಯುತ್ತದೆಯೇ?

ಇಂದು ಈ ಪ್ರಶ್ನೆ ವಿಚಿತ್ರವೆನಿಸುತ್ತದೆ. ಆದರೆ 1980ರ ದಶಕದವರೆಗೂ ಹಸುಗೂಸುಗಳಿಗೆ ನೋವು ಅಷ್ಟಾಗಿ ತಿಳಿಯದೆಂದು ಅನೇಕ ವೈದ್ಯರು ನಂಬಿದ್ದರು. ಔಷಧಿಯೇ ಅವರಿಗೆ ಅಪಾಯವೆಂಬ ಭಯವೂ ಇತ್ತು. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಸಾಕಷ್ಟು ನೋವು ನಿವಾರಣೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಸಿಂಗ್ ಆನಂದ್ ಮತ್ತು ಅವರ ಸಂಗಡಿಗರು ಇಂಗ್ಲೆಂಡಿನಲ್ಲಿ ಮಾಡಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಫೆಂಟನಿಲ್ ಎಂಬ ನೋವಿನ ಔಷಧಿ ಪಡೆದ ಕೂಸುಗಳ ದೇಹ, ಪಡೆಯದ ಕೂಸುಗಳ ದೇಹಕ್ಕಿಂತ ಕಡಿಮೆ ಆಘಾತ ಅನುಭವಿಸಿ, ಚೆನ್ನಾಗಿ ಚೇತರಿಸಿಕೊಂಡಿತು. ಮಾತು ಬಾರದವರ ನೋವನ್ನು ಜಗತ್ತು ನಂಬಲು ಆರಂಭಿಸಿದ್ದು ಇತ್ತೀಚೆಗೆ.

ಮಾತು ಬಾರದ ಮಗುವಿನ ನೋವನ್ನು ನಾವು ಕಣ್ಣಿಂದ ಓದಬೇಕು. ಸುಕ್ಕುಗಟ್ಟಿದ ಹಣೆ, ಮಡಚಿ ಒದೆಯುವ ಕಾಲು, ನಿಲ್ಲದ ಅಳು, ಎತ್ತಿಕೊಂಡರೂ ಸಮಾಧಾನವಾಗದಿರುವುದು, ಹಾಲು ಒಲ್ಲೆನ್ನುವುದು. ಕೆಲವೊಮ್ಮೆ ಅಳದೆ ಸುಮ್ಮನೆ ಬಿದ್ದಿರುವುದೂ ನೋವೇ. ಸೂಜಿಯ ಹೊತ್ತಿನಲ್ಲಿ ಕೂಸಿಗೆ ಎದೆಹಾಲು ಕುಡಿಸಿದರೆ ನೋವು ಕಡಿಮೆಯಾಗುತ್ತದೆಂಬುದೂ ಅಧ್ಯಯನಗಳಿಂದ ತಿಳಿದ ಮಾತು.

ದೊಡ್ಡ ನೋವು ಮತ್ತು ಧರ್ಮಸಭೆಯ ಮಾತು

ಕೆಲವು ಕುಟುಂಬಗಳಲ್ಲಿ ಇನ್ನೊಂದು ಅಳುಕನ್ನು ಕಂಡಿದ್ದೇನೆ. ಕ್ಯಾನ್ಸರ್ ಇರುವ ಮಗುವಿಗೆ ವೈದ್ಯರು ಮಾರ್ಫಿನ್ ಎಂದಾಗ, ‘ಚಟವಾಗುತ್ತದೆಯೇ? ನೋವನ್ನು ಕ್ರಿಸ್ತನ ಶಿಲುಬೆಯೊಂದಿಗೆ ಸಹಿಸಬೇಕಲ್ಲವೇ?’ ಎಂದು ಕೇಳುತ್ತಾರೆ. ಜಗದ್ಗುರು ಹನ್ನೆರಡನೆಯ ಪಯಸ್ಸರು 1957ರ ಫೆಬ್ರುವರಿ 24ರಂದು ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತ, ನೋವು ನಿವಾರಿಸಲು ಔಷಧಿ ಬಳಸುವುದು ನೈತಿಕವಾಗಿ ಸರಿ, ಕ್ರೈಸ್ತನಾದವನು ಎಲ್ಲ ನೋವನ್ನೂ ಸಹಿಸಲೇಬೇಕೆಂಬ ಕಟ್ಟಳೆಯಿಲ್ಲ ಎಂದು ಸ್ಪಷ್ಟಪಡಿಸಿದರು. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ಅದನ್ನೇ ಬೋಧಿಸುತ್ತದೆ. ಸ್ವಇಚ್ಛೆಯಿಂದ ನೋವು ಸಹಿಸುವುದು ದೊಡ್ಡವರ ಆಯ್ಕೆಯಾಗಬಹುದು. ಎರಡು ವರ್ಷದ ಮಗುವಿನ ಪರವಾಗಿ ಆ ಆಯ್ಕೆ ಮಾಡುವ ಹಕ್ಕು ನಮಗಿಲ್ಲ.

ವೈದ್ಯರ ಉಸ್ತುವಾರಿಯಲ್ಲಿ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಚಟವಲ್ಲ, ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಮೊದಲ ಬಾರಿಗೆ ಹೊರತಂದ ಮಕ್ಕಳ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತು ಕಾಯ್ದೆಯಿಂದ ಆಸ್ಪತ್ರೆಗಳಿಗೂ ಮಾರ್ಫಿನ್ ದೊರೆಯುವುದು ಕಷ್ಟವಾಗಿತ್ತು. 2014ರ ತಿದ್ದುಪಡಿ ಆ ದಾರಿಯನ್ನು ಸುಗಮಗೊಳಿಸಿತು. ಮನೆಯಲ್ಲಿ ಬಾಯಿಂದ ಕೊಡುವಾಗ ನೋವು ಬಂದ ಮೇಲೆ ಎಂದಲ್ಲ, ವೈದ್ಯರು ಹೇಳಿದ ಗಡಿಯಾರದ ಹೊತ್ತಿಗೆ ಕೊಡಬೇಕು. ಮಲಬದ್ಧತೆಗೆ ಔಷಧಿಯನ್ನೂ ಕೇಳಿ ಪಡೆಯಬೇಕು. ಮಗು ಎಬ್ಬಿಸಿದರೂ ಏಳದಷ್ಟು ಮಂಕಾದರೆ, ಉಸಿರು ನಿಧಾನವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆ ಎರಡು ಬಾಟಲಿಗಳ ಲೆಕ್ಕ

ಈಗ ಆ ಸಂಜೆಯ ಮಗುವಿಗೆ ಮರಳೋಣ. ಅವನ ತೂಕ 12 ಕಿಲೋ. ಪ್ಯಾರಾಸಿಟಮಾಲ್‌ನ ಅಳತೆ ವಯಸ್ಸಿಗಿಂತ ತೂಕದ ಮೇಲೆ: ಕಿಲೋ ಒಂದಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಹಾಗಾದರೆ ಅವನಿಗೆ ಒಂದು ಸಲಕ್ಕೆ ಹೆಚ್ಚೆಂದರೆ 180 ಮಿಲಿಗ್ರಾಂ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಮೂರು ಬಗೆಯ ಬಾಟಲಿಗಳಲ್ಲಿ ಇದು ಎಷ್ಟಾಗುತ್ತದೆ ನೋಡಿ.

5 ಮಿಲಿಲೀಟರ್‌ಗೆ 120 ಮಿಲಿಗ್ರಾಂ ಇರುವ ಸಿರಪ್: 7.5 ಮಿಲಿಲೀಟರ್.

5 ಮಿಲಿಲೀಟರ್‌ಗೆ 250 ಮಿಲಿಗ್ರಾಂ ಇರುವ ಸಿರಪ್: ಸುಮಾರು 3.6 ಮಿಲಿಲೀಟರ್.

1 ಮಿಲಿಲೀಟರ್‌ಗೆ 100 ಮಿಲಿಗ್ರಾಂ ಇರುವ ಹನಿ ಔಷಧಿ: 1.8 ಮಿಲಿಲೀಟರ್ ಮಾತ್ರ.

ಪುಟ್ಟ ಬಾಟಲಿ ಕೂಸಿನದು, ಆದ್ದರಿಂದ ಸೌಮ್ಯ ಎಂದು ನಾವು ತಿಳಿಯುತ್ತೇವೆ. ನಿಜ ಅದಕ್ಕೆ ತದ್ವಿರುದ್ಧ. ಕೂಸು ಕೆಲವೇ ಹನಿ ನುಂಗಬಲ್ಲದಾದ್ದರಿಂದ ಹನಿ ಔಷಧಿಯನ್ನು ಗಟ್ಟಿಯಾಗಿ ಮಾಡಿರುತ್ತಾರೆ. ಆ ತಾಯಿ ಕೊಡಬೇಕೆಂದಿದ್ದ ಒಂದು ಚಮಚ, ಅಂದರೆ 5 ಮಿಲಿಲೀಟರ್ ಹನಿ ಔಷಧಿಯಲ್ಲಿ 500 ಮಿಲಿಗ್ರಾಂ ಇತ್ತು: ದೊಡ್ಡವರ ಒಂದು ಗುಳಿಗೆ! ಆಗಲೇ ಕೊಟ್ಟಿದ್ದ ಸಿರಪ್ ಸೇರಿದರೆ ಒಂದು ಸಲಕ್ಕೆ ಸಲ್ಲುವುದರ ಸುಮಾರು ನಾಲ್ಕು ಪಟ್ಟು. ರಾತ್ರಿಯಿಡೀ ಹೀಗೆಯೇ ಮುಂದುವರಿದಿದ್ದರೆ ಯಕೃತ್ತಿಗೆ ಪೆಟ್ಟಾಗುತ್ತಿತ್ತು. ಇದರಲ್ಲಿ ಮೋಸವೆಂದರೆ ಮೊದಲ ದಿನ ಮಗು ಚೆನ್ನಾಗಿಯೇ ಕಾಣಬಹುದು. ಆದ್ದರಿಂದ ಹೆಚ್ಚು ಕೊಟ್ಟಿದ್ದೇವೆಂದು ತಿಳಿದ ಕೂಡಲೇ, ಲಕ್ಷಣಕ್ಕಾಗಿ ಕಾಯದೆ, ಬಾಟಲಿಯ ಸಮೇತ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಪ್ರತ್ಯೌಷಧವಿದೆ, ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ನಮ್ಮ ಹುಬ್ಬಳ್ಳಿಯಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭವಾದ, ಜನರ ಬಾಯಲ್ಲಿ ‘ಕಿಮ್ಸ್’ ಆಗಿರುವ ಸರಕಾರಿ ಆಸ್ಪತ್ರೆ ವಿದ್ಯಾನಗರದಲ್ಲಿಯೇ ಇದೆ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆಯಿದೆ.

ಮನೆಯಲ್ಲಿ ನೆನಪಿಡಬೇಕಾದವು

1. ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಯಾವ ದಾರಿಯಿಂದ? ಈ ಬಾಟಲಿಯಲ್ಲಿ ಎಷ್ಟು ಮಿಲಿಲೀಟರ್? ಎಷ್ಟು ತಾಸಿಗೊಮ್ಮೆ?

2. ಪ್ಯಾರಾಸಿಟಮಾಲ್ ಎರಡು ಸಲದ ನಡುವೆ ಕನಿಷ್ಠ ನಾಲ್ಕು ತಾಸು ಅಂತರವಿರಲಿ. 24 ತಾಸಿನಲ್ಲಿ ನಾಲ್ಕು ಸಲ ಮೀರಬಾರದು. ತೂಕ ತೀರ ಕಡಿಮೆಯಿರುವ ಮಗುವಿಗೆ, ಕಾಮಾಲೆಯಾದ ಮಗುವಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.

3. ಅಡುಗೆಮನೆಯ ಚಮಚ ಬೇಡ. ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿ. ಒಂದು ಬಾಟಲಿಯ ಡ್ರಾಪರ್ ಇನ್ನೊಂದಕ್ಕೆ ಬೇಡ.

4. ನೆಗಡಿಯ ಸಿರಪ್‌ಗಳಲ್ಲಿಯೂ ಪ್ಯಾರಾಸಿಟಮಾಲ್ ಇರುತ್ತದೆ. ಹೆಸರು ಬೇರೆ, ಔಷಧಿ ಒಂದೇ. ಲೇಬಲ್ ಓದಿ; ಓದಲಾಗದಿದ್ದರೆ ಔಷಧಿ ಅಂಗಡಿಯವರಿಂದ ಓದಿಸಿ.

5. ಜ್ವರದ ಮಗುವಿಗೆ ಆಸ್ಪಿರಿನ್ ಬೇಡ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ ಸರಕಾರ 2011ರಲ್ಲಿ ನಿಷೇಧಿಸಿದೆ. ಡೆಂಗ್ಯೂ ಸಂಶಯವಿದ್ದಾಗ ಐಬುಪ್ರೊಫೆನ್ ರಕ್ತಸ್ರಾವಕ್ಕೆ ದಾರಿಯಾಗಬಹುದು, ಕೊಡಬೇಡಿ.

6. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಯ ಔಷಧಿ ಬೇಡವೇ ಬೇಡ. ನೇರ ವೈದ್ಯರ ಹತ್ತಿರ ಹೋಗಿ.

7. ಕೊಟ್ಟ ಹೊತ್ತು, ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಅಮ್ಮ ಕೊಟ್ಟದ್ದನ್ನು ತಿಳಿಯದೆ ಅಜ್ಜಿ ಮತ್ತೊಮ್ಮೆ ಕೊಡುವುದು ತಪ್ಪುತ್ತದೆ.

ಯಾಯೀರನ ಮಗಳ ಪ್ರಸಂಗ ನಿಮಗೆಲ್ಲ ಗೊತ್ತು. ಹನ್ನೆರಡು ವರ್ಷದ ಆ ಹುಡುಗಿಯನ್ನು ಪ್ರಭು ಕೈಹಿಡಿದು ಎಬ್ಬಿಸಿದರು. ಸುತ್ತಲಿನವರೆಲ್ಲ ಬೆರಗಾಗಿ ನಿಂತಿದ್ದಾಗ ಅವರಿಗೆ ನೆನಪಾದದ್ದು ಒಂದು ಸಣ್ಣ ಮಾತು: ಅವಳಿಗೆ ತಿನ್ನಲು ಏನಾದರೂ ಕೊಡಬೇಕೆಂಬುದು. ಅದ್ಭುತ ಮಾಡಿದ ಪ್ರಭುವಿಗೆ ಮಗುವಿನ ಹೊಟ್ಟೆಯ ಚಿಂತೆಯೂ ಇತ್ತು. ಮಗುವಿಗಾಗಿ ಪ್ರಾರ್ಥಿಸುವ ನಾವು ಬಾಟಲಿಯ ಮೇಲಿನ ಸಣ್ಣ ಅಕ್ಷರವನ್ನೂ ಓದೋಣ. ಎರಡೂ ಪ್ರೀತಿಯ ಕೆಲಸಗಳೇ.

ಕುಟುಂಬದಲ್ಲಿ ಚರ್ಚಿಸಲು

ಅ) ನಮ್ಮ ಮನೆಯಲ್ಲಿ ಈಗ ಎಷ್ಟು ಔಷಧಿ ಬಾಟಲಿಗಳಿವೆ? ಯಾವುದರಲ್ಲಿ ಏನಿದೆ, ಅವಧಿ ಮುಗಿದಿದೆಯೇ? ಈ ಭಾನುವಾರ ಎಲ್ಲರೂ ಸೇರಿ ನೋಡಿ.

ಆ) ನಮ್ಮ ಮಕ್ಕಳ ಈಗಿನ ತೂಕ ನಮಗೆ ಗೊತ್ತೇ?

ಇ) ನೋವೆಂದಾಗ ನಮ್ಮ ಮಕ್ಕಳು ಧೈರ್ಯದಿಂದ ಹೇಳುತ್ತಾರೆಯೇ, ಸೂಜಿಗೆ ಹೆದರಿ ಮುಚ್ಚಿಡುತ್ತಾರೆಯೇ?